ರಾತ್ರಿ ಓಣಿ ಕಾಯೋಕೆ ಬಡಿಗೆ ಹಿಡಿದು ಹೋಗೋದು ಸರಿನಾ? ಅನುಭವ ಇದ್ದವರು ಹೇಳಿ

ನಾವು ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆಯ ಒಂದು ಹೊಸ ಲೇಔಟಿನಲ್ಲಿ ಇದ್ದೇವೆ. ಇಪ್ಪತ್ತೆರಡು ಮನೆ, ಉಳಿದದ್ದೆಲ್ಲ ಖಾಲಿ ಪ್ಲಾಟು, ಜಾಲಿ ಕಂಟಿ. ಎರಡು ತಿಂಗಳಲ್ಲಿ ಮೂರು ಮನೆಯ ಬೋರಿನ ಕೇಬಲ್ ಕತ್ತರಿಸಿಕೊಂಡು ಹೋದರು. ಗಾಡಿಯ ಪೆಟ್ರೋಲ್ ಹೋಗುವುದಂತೂ ಲೆಕ್ಕಕ್ಕೇ ಇಲ್ಲ. ಮೂಲೆಯ ಪ್ಲಾಟಿನಲ್ಲಿ ಕತ್ತಲಾದರೆ ಹುಡುಗರು ಕುಡಿಯುತ್ತಾ ಕೂರುತ್ತಾರೆ, ಬಾಟಲಿ ಒಡೆಯುತ್ತಾರೆ, ನನ್ನ ಮಗಳು ಟ್ಯೂಷನ್ ಮುಗಿಸಿ ಅದೇ ದಾರಿಯಲ್ಲಿ ಬರಬೇಕು. ಈಗ ಓಣಿಯ ಗಂಡಸರೆಲ್ಲ ಸೇರಿ ಪಾಳಿ ಹಾಕಿಕೊಂಡು ಬಡಿಗೆ ಹಿಡಿದು ಗಸ್ತು ತಿರುಗೋಣ, ಸಿಕ್ಕವನಿಗೆ ಅಲ್ಲೇ ನಾಲ್ಕು ಬಿಡೋಣ ಅಂತ ಮಾತಾಡಿಕೊಂಡಿದ್ದಾರೆ. ನಮ್ಮ ಮನೆಯವರು ಎಲ್ಲರಿಗಿಂತ ಮುಂದೆ! ನನಗೆ ಯಾಕೋ ಹೆದರಿಕೆ. ಹಂಗಂತ ಸುಮ್ನೆ ಕೂರುವುದೂ ಸರಿ ಅನ್ನಿಸುತ್ತಿಲ್ಲ. ನಿಮ್ಮ ಓಣಿಯಲ್ಲಿ ಹೀಗಾದಾಗ ಏನು ಮಾಡಿದಿರಿ?

ಶಹಾಬಜಾರಿನಿಂದ:

ಹೋಗಲಿ ಬಿಡ್ರಿ ಅಕ್ಕಾ. ಒಂದು ಸಲ ಸರಿಯಾಗಿ ಬಿದ್ದರೆ ಆ ಕಡೆ ಯಾರೂ ತಲೆ ಹಾಕುವುದಿಲ್ಲ. ನಮ್ಮ ಅಪ್ಪನ ಕಾಲದಿಂದ ಓಣಿ ಕಾದಿದ್ದು ಓಣಿಯವರೇ.

ರಿಂಗ್ ರೋಡಿನ ಆಚೆಯ ನಿವೃತ್ತ ಮಾಸ್ತರ್:

ತಂಗಿ, ನಾನು ಬಡಿಗೆ ಹಿಡಿದು ತಿರುಗಿದವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೆಲವು ವರ್ಷದ ಹಿಂದಿನ ಬೇಸಿಗೆ. ನಮ್ಮ ಕಡೆ ಮೇ ತಿಂಗಳು ಅಂದರೆ ಗೊತ್ತಲ್ಲ, ಒಳಗೆ ಮಲಗಲು ಆಗುವುದಿಲ್ಲ, ಮಂದಿಯೆಲ್ಲ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತುತ್ತಾರೆ, ಕೆಳಗೆ ಮನೆ ಬಿಕೋ ಅಂತಿರುತ್ತದೆ. ಕಳ್ಳರಿಗೆ ಅದೇ ಸುಗ್ಗಿ. ಒಂದೇ ವಾರದಲ್ಲಿ ಎರಡು ಮನೆ ಆಯಿತು. ಒಂದು ಮನೆಯಲ್ಲಂತೂ ಮಾಳಿಗೆಯ ಮೇಲೆ ದಿಂಬಿನ ಪಕ್ಕ ಇಟ್ಟಿದ್ದ ಮೊಬೈಲೂ ಹೋಯಿತು. ನಾವು ಹನ್ನೊಂದು ಜನ ಸೇರಿದೆವು. ರಾತ್ರಿಗೆ ಮೂವರಂತೆ ಪಾಳಿ, ಸೀಟಿ ಊದಿದರೆ ಉಳಿದವರು ಓಡಿ ಬರಬೇಕು. ನಿಜ ಹೇಳಬೇಕೆಂದರೆ ಮೊದಲ ನಾಲ್ಕು ದಿನ ಹಬ್ಬದ ಹಂಗಿತ್ತು. ಒಬ್ಬರ ಮನೆಯಿಂದ ಚಹಾ, ಇನ್ನೊಬ್ಬರ ಮನೆಯಿಂದ ಮಿರ್ಚಿ ಭಜಿ. ಇಪ್ಪತ್ತು ವರ್ಷ ಅಕ್ಕಪಕ್ಕ ಇದ್ದು ಮಾತಾಡದವರೂ ಮಾತಾಡಿದರು. ಕಳ್ಳತನವೂ ನಿಂತಿತ್ತು. ಅಲ್ಲಿಗೇ ಮುಗಿದಿದ್ದರೆ ಇವತ್ತು ನಾನೂ ಶಹಾಬಜಾರಿನವರ ಹಂಗೇ ಬರೆಯುತ್ತಿದ್ದೆ.

ಐದನೇ ರಾತ್ರಿ ಎರಡೂವರೆಗೆ ಒಬ್ಬ ಮೂಲೆ ಮನೆಯ ನಳದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. 'ಯಾರಲೇ ಅದು' ಅಂದೆವು, ಸೀಟಿ ಊದಿದೆವು, ಅವನು ಎದ್ದು ಓಡಿದ. ಓಡಿದ್ದೇ ನಮಗೆ ಸಾಕ್ಷಿ. ಕತ್ತಲಲ್ಲಿ ಇಷ್ಟು ಮಂದಿ ಬಡಿಗೆ ಹಿಡಿದು ಬಂದರೆ ನಾನಾದರೂ ಓಡುತ್ತಿದ್ದೆ, ಆದರೆ ಅದು ಹೊಳೆದದ್ದು ಮರುದಿನ. ಮೊದಲ ಏಟು ಯಾರದು ಅಂತ ಇವತ್ತಿಗೂ ಯಾರೂ ಒಪ್ಪುವುದಿಲ್ಲ. ಎರಡನೆಯದೋ ಮೂರನೆಯದೋ ನನ್ನದು. ಅವನ ಎಡಗೈ ಮುರಿಯಿತು. ಬ್ಯಾಟರಿ ಬಿಟ್ಟು ನೋಡಿದರೆ ಅವನು ಬಿಟ್ಟು ಓಡಿದ್ದು ಒಂದು ಪ್ಲಾಸ್ಟಿಕ್ ಕೊಡ. ಹಿಂದಿನ ಓಣಿಯಲ್ಲಿ ಕಟ್ಟುತ್ತಿದ್ದ ಮನೆಯ ಕೆಲಸಕ್ಕೆ ಯಾದಗಿರಿ ಕಡೆಯಿಂದ ಬಂದವನು, ಹೆಂಡತಿ ಮಗು ಜೊತೆ ತಗಡಿನ ಶೆಡ್ಡಿನಲ್ಲಿದ್ದ. ಆ ದಿನ ನೀರು ಬಿಟ್ಟದ್ದೇ ರಾತ್ರಿ ಎರಡಕ್ಕೆ. ಹಗಲು ಕೊಡ ಹಿಡಿದು ಬಂದರೆ ಓಣಿಯವರು ಬೈಯುತ್ತಾರೆ ಅಂತ ಹೆದರಿ, ಎಲ್ಲರೂ ಮಲಗಿದ ಮೇಲೆ ಬಂದಿದ್ದ. ಬೈಯುತ್ತಿದ್ದವರಲ್ಲಿ ನಮ್ಮ ಮನೆಯೂ ಒಂದು.

ಆಮೇಲಿನದು ಕೇಳಿ. ಆಸ್ಪತ್ರೆಗೆ 26,000 ಆಯಿತು, ಮೂರು ತಿಂಗಳ ಕೂಲಿ ಬೇರೆ, ಚಂದಾ ಎತ್ತುವಾಗ ಹನ್ನೊಂದು ಜನ ಏಳಾದರು. ಮೂಳೆ ಮುರಿದರೆ ಕಾನೂನಿನಲ್ಲಿ ಅದು ಬರೀ ಗಾಯ ಅಲ್ಲ, ತೀವ್ರ ಗಾಯ. ಕೇಸಾಯಿತು. ರಾಜಿ ಆಗಬೇಕೆಂದರೂ ಕೋರ್ಟಿನ ಒಪ್ಪಿಗೆ ಬೇಕು ಅಂದರು. ಒಂದೂವರೆ ವರ್ಷ ಓಡಾಡಿದೆವು. ಪಕ್ಕದ ಮನೆಯ ಹುಡುಗನಿಗೆ ದುಬೈನಲ್ಲಿ ಕೆಲಸ ಸಿಕ್ಕಿತ್ತು, ಪಾಸ್‌ಪೋರ್ಟಿನ ಪೊಲೀಸ್ ವಿಚಾರಣೆಯಲ್ಲಿ ಈ ಕೇಸು ಬಂತು, ಕೆಲಸ ಹೋಯಿತು. ಅವರ ತಾಯಿ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅವಳ ತಪ್ಪೇನಿದೆ.

ನಿಮ್ಮ ಯಜಮಾನರಿಗೆ ಹೇಳಿ, ಗಸ್ತು ತಿರುಗಲಿ. ಸೀಟಿ, ಬ್ಯಾಟರಿ, ಫೋನು ಸಾಕು. ಬಡಿಗೆ ಮನೆಯಲ್ಲಿ ಬಿಟ್ಟು ಹೋಗಲಿ. ಕೈಯಲ್ಲಿದ್ದರೆ ಅದು ಕೆಲಸ ಕೇಳುತ್ತದೆ. ಇನ್ನೊಂದು, ಹತ್ತಿರ ಕಟ್ಟಡ ಕೆಲಸ ನಡೆದಿದ್ದರೆ ಹಗಲೇ ಹೋಗಿ ಶೆಡ್ಡಿನಲ್ಲಿ ಯಾರಿದ್ದಾರೆ, ಎಷ್ಟು ಜನ, ಯಾವ ಊರು ಅಂತ ಮಾತಾಡಿಸಿ ಬರಲಿ. ನಾವು ಇಷ್ಟು ಮಾಡಿದ್ದರೆ ಸಾಕಿತ್ತು.

ಬೀದರ್ ಜಿಲ್ಲೆಯಿಂದ:

ಮಾಸ್ತರರೇ, ನಿಮ್ಮವನು ಬದುಕಿ ಉಳಿದ. ನಮ್ಮ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ 2018ರ ಜುಲೈನಲ್ಲಿ ಆದದ್ದು ಎಲ್ಲರಿಗೂ ನೆನಪಿರಬೇಕು. ಹೈದರಾಬಾದಿನಿಂದ ಸ್ನೇಹಿತರ ಊರಿಗೆ ಬಂದಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿತು, ಅವರ ಕಾರು ಮುರ್ಕಿ ತಲುಪುವ ಹೊತ್ತಿಗೆ ಮಂದಿ ಸೇರಿಬಿಟ್ಟಿದ್ದರು. ಒಬ್ಬ ಇಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ದೇಶದಲ್ಲಿ ಹೀಗೆ ಒಂದರ ಮೇಲೊಂದು ಆದ ಮೇಲೆ ಅದೇ ತಿಂಗಳು ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಜಾಸ್ತಿ ಕಳಿಸದ ಹಾಗೆ ಮಾಡಿದರು.

ನಾನು ಹೇಳುವುದು ಇಷ್ಟೇ. ಓಣಿ ಗ್ರೂಪಿನಲ್ಲಿ 'ಇವನೇ ಕಳ್ಳ' ಅಂತ ಯಾರದಾದರೂ ಫೋಟೋ ಹಾಕಿದರೆ ಕೂಡಲೇ ತೆಗೆಸಿ. ಮೂರು ತಿಂಗಳ ಹಿಂದೆ ನಮ್ಮ ಗ್ರೂಪಿನಲ್ಲಿ ಬಂದ ಫೋಟೋ ನಮ್ಮ ಸಂಬಂಧಿಕರ ಹುಡುಗನದು, ಪಾರ್ಸಲ್ ಕೊಡಲು ಬಂದು ಮನೆ ನಂಬರ್ ಹುಡುಕುತ್ತಿದ್ದ.

ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯವರು:

ಎಲ್ಲರೂ ಸಾಧು ಸಂತರ ಹಂಗೆ ಮಾತಾಡುತ್ತಿದ್ದೀರಿ. ನನ್ನ ಕಥೆ ಕೇಳಿ. ಅಂಗಡಿ ಮುಂದೆ ಹೆಣ್ಣುಮಗಳೊಬ್ಬಳ ಪರ್ಸ್ ಎಗರಿಸುತ್ತಿದ್ದವನನ್ನು ನಾನೇ ಕೈ ಹಿಡಿದೆ. ಒಂದೇಟೂ ಹೊಡೆಯಲಿಲ್ಲ. ಠಾಣೆಗೆ ಒಪ್ಪಿಸಿದೆ, ಮೂರು ತಾಸು ಕೂರಿಸಿದರು, ಅಂಗಡಿ ಮುಚ್ಚಿ ಕೂತೆ. ಆ ಹೆಣ್ಣುಮಗಳು ಪರ್ಸ್ ಸಿಕ್ಕಿತಲ್ಲ ಅಂತ ಬಸ್ ಹತ್ತಿ ಹೋದಳು. ಎರಡು ವಾರಕ್ಕೆ ಅದೇ ಹುಡುಗ ನನ್ನ ಅಂಗಡಿ ಮುಂದೆ ನಿಂತು 'ಏನ್ ಕಾಕಾ, ಆರಾಮ?' ಅಂದ. ಈಗ ಹೇಳಿ, ಮುಂದಿನ ಸಲ ಹಿಡಿಯಬೇಕಾ, ಕಣ್ಣು ಮುಚ್ಚಿಕೊಳ್ಳಬೇಕಾ?

ಕೋರ್ಟ್ ರಸ್ತೆಯ ಗುಮಾಸ್ತೆ:

ಅಂಗಡಿ ಕಾಕಾ ಅವರ ಸಿಟ್ಟು ಸುಳ್ಳಲ್ಲ. ಹಿಡಿದು ಹೊಡೆಯದೆ ಕೊಟ್ಟರಲ್ಲ, ಅದು ಸರಿಯಾದ ದಾರಿಯೇ. ಆದರೆ ಹಿಡಿಯುವುದಕ್ಕೂ ಕಾನೂನಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಸಾಮಾನ್ಯ ಮನುಷ್ಯನೂ ಹಿಡಿಯಬಹುದು. ಯಾವಾಗ? ಅವನು ನಿಮ್ಮ ಕಣ್ಣೆದುರೇ ಅಪರಾಧ ಮಾಡಿರಬೇಕು, ಅದು ಜಾಮೀನು ಸಿಗದ, ಪೊಲೀಸರು ವಾರೆಂಟ್ ಇಲ್ಲದೆ ಹಿಡಿಯಬಹುದಾದ ಅಪರಾಧ ಆಗಿರಬೇಕು. ಹಿಡಿದ ಮೇಲೆ ಸುಮ್ನೆ ತಡ ಮಾಡುವ ಹಾಗಿಲ್ಲ, 6 ತಾಸಿನೊಳಗೆ ಪೊಲೀಸರಿಗೆ ಕೊಡಲೇಬೇಕು. ಬೆಳಗಾಗಲಿ, ಹಿರಿಯರು ಬರಲಿ ಅಂತ ಲೈಟ್ ಕಂಬಕ್ಕೆ ಕಟ್ಟಿಹಾಕಿದರೆ ಅಪರಾಧ ನಿಮ್ಮದಾಗುತ್ತದೆ.

ತಮಾಷೆ ಎಲ್ಲಿದೆ ಅಂದರೆ, ಹೊಸ ನ್ಯಾಯ ಸಂಹಿತೆಯಲ್ಲಿ, ಅಂದರೆ ಯಾವ ಅಪರಾಧಕ್ಕೆ ಏನು ಶಿಕ್ಷೆ ಅಂತ ಹೇಳುವ ಇನ್ನೊಂದು ಕಾನೂನಿನಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಣ್ಣ ಕಳವನ್ನು ಬೇರೆ ಸಾಲಿಗೆ ಹಾಕಿದ್ದಾರೆ. ಮೊದಲ ಸಲ ಶಿಕ್ಷೆಯಾದವನು ಮಾಲು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ಅದು ಜಾಮೀನು ಸಿಗುವ ಅಪರಾಧ, ಪೊಲೀಸರೇ ವಾರೆಂಟ್ ಇಲ್ಲದೆ ಹಿಡಿಯುವ ಹಾಗಿಲ್ಲ. ಮನೆಯೊಳಗೆ ನುಗ್ಗಿ ಕದ್ದರೆ ಮಾತ್ರ ಬೇರೆ, ಅದಕ್ಕೆ 7 ವರ್ಷದವರೆಗೂ ಇದೆ. ಈಗ ರಾತ್ರಿ ಎರಡಕ್ಕೆ ಕತ್ತಲಲ್ಲಿ ಓಡುತ್ತಿರುವವನ ಚೀಲದಲ್ಲಿ ಎಷ್ಟು ರೂಪಾಯಿಯ ಕೇಬಲ್ ಇದೆ ಅಂತ ಯಾರು ತಕ್ಕಡಿ ಹಿಡಿದು ನೋಡುತ್ತೀರಿ? ಮೈಮೇಲೆ ಬಂದರೆ ತಡೆಯುವ ಹಕ್ಕು ಇದೆ, ಮನೆ ಮಾಲು ಉಳಿಸಿಕೊಳ್ಳುವ ಹಕ್ಕೂ ಇದೆ. ತಡೆಯಲು ಎಷ್ಟು ಬೇಕೋ ಅಷ್ಟೇ. ಬಿದ್ದವನಿಗೆ ಹೊಡೆದರೆ ಅದು ರಕ್ಷಣೆ ಅಲ್ಲ.

ಕೇಬಲ್ ಹೋದವರು ಮೂವರೂ ಬಾಯಿಮಾತಲ್ಲಿ ಹೇಳಿ ಬಂದಿರುತ್ತೀರಿ, ಹೌದಲ್ವಾ? ಬರೆದು ಕೊಡಿ. ಸ್ವೀಕೃತಿ ಇಲ್ಲದೆ ಮನೆಗೆ ಬರಬೇಡಿ. ಮೂರು ಕಾಗದ ಒಟ್ಟಿಗೆ ಇದ್ದರೆ ಪೊಲೀಸ್ ಗಸ್ತು ಕೇಳಲು ಬಾಯಿ ಬರುತ್ತದೆ.

ಹುಮನಾಬಾದಿನಿಂದ ಒಬ್ಬ ಅಕ್ಕ:

ಎಲ್ಲರೂ ಕಳ್ಳನನ್ನೇ ಹಿಡಿದುಕೊಂಡಿರಿ, ಕುಡಿಯುವ ಹುಡುಗರ ಸುದ್ದಿ ಯಾರೂ ಎತ್ತಲಿಲ್ಲ. ತಂಗಿಗೆ ನಿಜವಾದ ಚಿಂತೆ ಅದು, ಮಗಳದು.

ನಮ್ಮಲ್ಲೂ ಹಿಂಗೇ ಇತ್ತು. ಗಂಡಸರು ಒಮ್ಮೆ ರಾತ್ರಿ ಹತ್ತಕ್ಕೆ ಹೋಗಿ ಬೈದರು, ಹುಡುಗರು ಕುಡಿದಿದ್ದರು, ಕೊರಳಪಟ್ಟಿ ಹಿಡಿದಾಡಿದರು, ಮರುದಿನ ಯಾರದೋ ಕಾರಿನ ಗಾಜು ಹೋಯಿತು. ಆಮೇಲೆ ನಾವು ನಾಲ್ವರು ಹೆಂಗಸರು ಸಂಜೆ ಐದೂವರೆಗೆ, ಅವರು ಇನ್ನೂ ಬಾಟಲಿ ತೆಗೆಯುವ ಮೊದಲೇ ಹೋದೆವು. ಹೊತ್ತು ನೋಡಿಕೊಂಡು ಹೋಗುವುದೇ ಮುಖ್ಯ, ಕುಡಿದವನ ಹತ್ತಿರ ಮಾತಿಲ್ಲ. 'ಯಾರ ಮಗಪ್ಪಾ ನೀನು?' ಅಂತ ಕೇಳಿದೆ. ಐವರಲ್ಲಿ ಮೂವರ ಮನೆ ಗೊತ್ತಾಯಿತು, ಒಬ್ಬನ ತಾಯಿ ನಮ್ಮ ಸಂಘದಲ್ಲೇ ಉಳಿತಾಯ ಕಟ್ಟುವವಳು. ನಾವು ಬೈಯಲಿಲ್ಲ. ಹೆಣ್ಣುಮಕ್ಕಳು ಓಡಾಡುವ ದಾರಿ ತಮ್ಮಾ, ಬೇರೆ ಕಡೆ ನೋಡಿಕೊಳ್ಳಿ ಅಂದೆವು. ಮೂವರು ಬರುವುದು ಬಿಟ್ಟರು. ಉಳಿದ ಇಬ್ಬರು ನಮಗೆ ಗೊತ್ತಿಲ್ಲದವರು, ಅವರ ಗೊಡವೆಗೆ ನಾವು ಹೋಗಲಿಲ್ಲ, 112ಕ್ಕೆ ಫೋನ್ ಮಾಡಿದೆವು. ಮೊದಲ ಸಲ ಗಾಡಿ ಬರಲು ಮುಕ್ಕಾಲು ತಾಸು ಆಯಿತು, ಬರುವಷ್ಟರಲ್ಲಿ ಯಾರೂ ಇರಲಿಲ್ಲ. ನಾಲ್ಕನೇ ಸಲಕ್ಕೆ ಸಿಕ್ಕರು.

ಆದರೆ ನಿಜವಾಗಿ ಕೆಲಸ ಮುಗಿಸಿದ್ದು ಜಾಗದ ಮಾಲೀಕ. ಪುಣೆಯಲ್ಲಿದ್ದಾನೆ, ಪ್ಲಾಟು ತಗೊಂಡು ಹನ್ನೆರಡು ವರ್ಷವಾದರೂ ಮುಖ ತೋರಿಸಿಲ್ಲ. ಅವನ ನಂಬರ್ ಹುಡುಕಿ, ಜಾಲಿ ಕಂಟಿ, ಒಡೆದ ಬಾಟಲಿ, ಹಾವಿನ ಪೊರೆ ಎಲ್ಲದರ ಫೋಟೋ ಕಳಿಸಿದೆವು. ಅವನಿಗೆ ಅದ್ಯಾವುದೂ ನಾಟಲಿಲ್ಲ. ಖಾಲಿ ಬಿಟ್ಟರೆ ಯಾರಾದರೂ ಒತ್ತುವರಿ ಮಾಡುತ್ತಾರೆ ನೋಡ್ರಿ ಅಣ್ಣಾ ಅಂದೆವು. ಹದಿನೈದು ದಿನಕ್ಕೆ ಜೆಸಿಬಿ ಬಂತು, ಕಲ್ಲುಕಂಬ, ತಂತಿ ಬೇಲಿ ಬಂತು.

ಕೋರ್ಟ್ ರಸ್ತೆಯ ಗುಮಾಸ್ತೆ:

ಅಕ್ಕಾವ್ರ ಉಪಾಯಕ್ಕೆ ಶರಣು. ಮಾಲೀಕ ಜಗ್ಗದಿದ್ದರೆ ಇನ್ನೊಂದು ದಾರಿ ಇದೆ, ಅದೇ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಸಾರ್ವಜನಿಕರಿಗೆ ಉಪದ್ರವ ಕೊಡುವುದನ್ನು ತೆಗೆಸಲು ಉಪವಿಭಾಗಾಧಿಕಾರಿ (ಎಸಿ) ಆದೇಶ ಕೊಡಬಹುದು. ಎಸಿ ಆಫೀಸಿಗೆ ಅರ್ಜಿ, ಓಣಿಯವರ ಸಹಿ, ಫೋಟೋ. ನಿಧಾನ ಆಗುತ್ತದೆ, ಆದರೆ ಆಗುತ್ತದೆ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಮಾಸ್ತರರು ಬರೆದದ್ದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಮೊದಲು 'ಅವರು ತಪ್ಪು ಮನುಷ್ಯನನ್ನು ಹಿಡಿದರು, ನಾವು ಹಂಗೆ ಮಾಡಲ್ಲ' ಅಂದರು. ಆ ಕೊಡದ ವಿಷಯ ಬಂದಾಗ ಸುಮ್ಮನಾದರು. ನಮ್ಮ ಹಿಂದೆಯೂ ಎರಡು ಮನೆ ಕಟ್ಟುತ್ತಿದ್ದಾರೆ, ಶೆಡ್ಡಿನವರು ನಮ್ಮ ನಳಕ್ಕೇ ಬರುತ್ತಾರೆ.

ನಿನ್ನೆ ಸಭೆ ಆಯಿತು, ಜಗಳವೂ ಆಯಿತು. ಇಬ್ಬರು ಬಡಿಗೆ ಬಿಡಲು ಒಪ್ಪಲಿಲ್ಲ, ಎದುರಿನವನ ಹತ್ತಿರ ಚಾಕು ಇದ್ದರೆ ಏನು ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚಾಕು ಇದ್ದರೆ ಹತ್ತಿರ ಯಾಕೆ ಹೋಗಬೇಕು ಅಂತ ಮೂಲೆಮನೆಯ ಅಜ್ಜಿ ಕೇಳಿದರು. ಕೊನೆಗೆ ಹನ್ನೊಂದರಿಂದ ಒಂದರವರೆಗೆ ನಾಲ್ವರು ತಿರುಗುವುದು, ಸೀಟಿ ಮಾತ್ರ, ಯಾರಾದರೂ ಕಂಡರೆ ದೂರದಿಂದ ಬ್ಯಾಟರಿ ಬಿಟ್ಟು 112ಕ್ಕೆ ಫೋನ್ ಮಾಡುವುದು ಅಂತ ಆಗಿದೆ. ಕೇಬಲ್ ಹೋದ ಮೂವರೂ ಬರೆದು ಕೊಟ್ಟು ಸ್ವೀಕೃತಿ ತಂದರು. ಬೋರಿಗೆ ಕಬ್ಬಿಣದ ಪೆಟ್ಟಿಗೆ ಮಾಡಿಸಲು ವೆಲ್ಡಿಂಗ್‌ನವನಿಗೆ ಹೇಳಿದ್ದೇವೆ. ಶೆಡ್ಡಿನವರನ್ನು ಮಾತಾಡಿಸಲು ಮಗಳನ್ನೂ ಕರೆದುಕೊಂಡು ಹೋಗಿದ್ದೆ.

ಇನ್ನೊಂದು ಕೇಳಬೇಕಿತ್ತು. ಮೂಲೆಯ ಬೀದಿದೀಪ ಕೆಟ್ಟು ಐದು ತಿಂಗಳಾಯಿತು. ಜೆಸ್ಕಾಂಗೆ ಹೇಳಿದರೆ ನಮ್ಮದಲ್ಲ ಅನ್ನುತ್ತಾರೆ. ಯಾರಿಗೆ ಹೇಳಬೇಕು?

ರಿಂಗ್ ರೋಡಿನ ಆಚೆಯ ನಿವೃತ್ತ ಮಾಸ್ತರ್:

ಕರೆಂಟ್ ಜೆಸ್ಕಾಂನದು, ದೀಪ ಪಾಲಿಕೆಯದು. ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿರದಿದ್ದರೆ ದೀಪ ಲೇಔಟ್ ಮಾಡಿದವನ ತಲೆಗೇ, ಅದನ್ನು ಮೊದಲು ವಿಚಾರಿಸಿ. ಕಂಬದ ಮೇಲೆ ನಂಬರ್ ಬರೆದಿರುತ್ತದೆ, ಅದನ್ನು ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಯಾವ ಕಂಬ ಅಂತ ಇನ್ನೊಂದು ತಿಂಗಳು ಕೇಳುತ್ತಾರೆ. ಪಾಲಿಕೆಗೆ ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಮಧ್ಯಾಹ್ನ ಸಾಹೇಬರು ಸಿಗುವುದಿಲ್ಲ. ಒಬ್ಬರೇ ಹೋಗಬೇಡಿ, ಮೂಲೆಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ.