ಒಂದೇ ನಲಿಕಲಿ ಕೊಠಡಿ, ಐದಾರು ಮನೆಮಾತು: ಕನ್ನಡ ಬಾರದ ಮಕ್ಕಳಿಗೆ ನೀವು ಹೇಗೆ ಕಲಿಸುತ್ತೀರಿ?

ನಲಿಕಲಿ ಟೀಚರ್ (ಬೆಂಗಳೂರು ಹೊರವಲಯ)

ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಸುತ್ತಮುತ್ತ ಅಪಾರ್ಟ್‌ಮೆಂಟ್ ಏಳುತ್ತಿವೆ, ಅಲ್ಲಿನ ತಗಡಿನ ಶೆಡ್‌ಗಳಿಂದಲೇ ನಮಗೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬರುತ್ತಾರೆ. ಒಂದರಿಂದ ಮೂರನೇ ತರಗತಿ ಒಂದೇ ಕೊಠಡಿ, ನಾನೊಬ್ಬಳೇ. ಯಾದಗಿರಿ, ರಾಯಚೂರು ಕಡೆಯವರಿದ್ದಾರೆ, ತೆಲುಗಿನವರಿದ್ದಾರೆ, ಬಿಹಾರ, ಒಡಿಶಾದಿಂದ ಬಂದವರಿದ್ದಾರೆ, ವಾಚ್‌ಮನ್ ಕೆಲಸಕ್ಕೆ ಬಂದ ನೇಪಾಳಿ ಮನೆಯ ಅಕ್ಕ-ತಮ್ಮ ಇದ್ದಾರೆ.

ನಲಿಕಲಿ ಅಂದರೆ ಮಕ್ಕಳು ಕಾರ್ಡ್ ಹಿಡಿದು ತಮ್ಮ ತಮ್ಮ ವೇಗದಲ್ಲಿ ನಲಿಯುತ್ತಾ ಕಲಿಯುವ ಸರ್ಕಾರಿ ಶಾಲೆಯ ಪದ್ಧತಿ. ಅದರಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಅದರಿಂದ ಸರ, ಅರಸ, ಗರಗಸ ಅಂತ ಓದಿಸುತ್ತೇವೆ. ಒಡಿಯಾ ಹುಡುಗಿಯೊಬ್ಬಳು ಇದನ್ನೆಲ್ಲ ಗಟ್ಟಿಯಾಗಿ ಓದುತ್ತಾಳೆ, ಕಾರ್ಡಿನ ಮೇಲಿನ ಗುರುತಿನ ಚಿತ್ರ (ಲೋಗೋ) ನೋಡಿ ಮುಂದಿನ ಕಾರ್ಡನ್ನೂ ತಾನೇ ತಂದುಕೊಳ್ಳುತ್ತಾಳೆ. ಯಾರು ಎಲ್ಲಿಯವರೆಗೆ ಕಲಿತರು ಅಂತ ಗುರುತು ಹಾಕುವ ಪ್ರಗತಿ ನೋಟದಲ್ಲಿ ಅವಳ ಸಾಲು ಚೆನ್ನಾಗಿಯೇ ಇದೆ. ಆದರೆ 'ನಿನ್ನ ಚಪ್ಪಲಿ ಎಲ್ಲಿ' ಅಂದರೆ ಸುಮ್ನೆ ನನ್ನ ಮುಖ ನೋಡುತ್ತಾಳೆ. ಜೂನ್‌ನಿಂದ ಬರುತ್ತಿದ್ದಾಳೆ, ತರಗತಿಯಲ್ಲಿ ಒಂದು ಮಾತೂ ಆಡಿಲ್ಲ.

ಅಕ್ಷರ ನಿಲ್ಲಿಸಿ ಮೊದಲು ಮಾತು ಕಲಿಸಬೇಕಾ? ಹಿಂದಿಯಲ್ಲಿ ಹೇಳಿಕೊಟ್ಟರೆ ಸುಲಭ ಆಗುತ್ತದಾ? ಕಲಿಕೆಯ ಮೈಲಿಗಲ್ಲು ಎಲ್ಲಿಗೆ ಬಂತು ಅಂತ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಕೇಳುತ್ತಾರೆ, ಅದೂ ಒಂದು ಚಿಂತೆ.

ನಿವೃತ್ತ ಮೇಷ್ಟ್ರು

ಮೇಡಂ, ಆ ಹುಡುಗಿ ಮಾತಾಡದೆ ಇರುವುದಕ್ಕೆ ಹೆದರಬೇಡಿ. ಹೊಸ ಭಾಷೆಗೆ ಬಿದ್ದ ಮಗು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತದೆ, ಅದು ಎಲ್ಲ ಕಡೆ ಇರುವುದೇ. ಅವಳಿಗೆ ಎಷ್ಟು ಅರ್ಥ ಆಗುತ್ತಿದೆ ಅಂತ ಬಾಯಿಂದ ಅಳೆಯಬೇಡಿ, ಕೈಯಿಂದ ನೋಡಿ. 'ಕಿಟಕಿ ತೆಗಿ', 'ಕೆಂಪು ಬಳಪ ತಾ', 'ಚೀಲ ಮೇಲಿಡು' ಅಂತ ದಿನಾ ಇಡೀ ಗುಂಪಿಗೆ ಹೇಳಿ, ನೀವೂ ಮಾಡಿ ತೋರಿಸಿ. ಸ್ವಲ್ಪ ದಿನ ಆದಮೇಲೆ ಮಾಡಿ ತೋರಿಸದೆ ಬರೀ ಹೇಳಿ ನೋಡಿ. ಅಭಿನಯ ಗೀತೆಗಳು ಇದೇ ಕೆಲಸ ಮಾಡುತ್ತವೆ, ಅದಕ್ಕೆ ಸಮಯ ಇಲ್ಲ ಅಂತ ಬಿಟ್ಟುಬಿಡಬೇಡಿ.

ಹಿಂದಿ ವಿಷಯ. ಬಿಹಾರದ ಮಕ್ಕಳಿಗೂ ಎಷ್ಟೋ ಸಲ ಮನೆಯಲ್ಲಿ ಆಡುವುದು ಭೋಜಪುರಿ, ಮೈಥಿಲಿ. ಒಡಿಯಾ, ನೇಪಾಳಿ ಮಕ್ಕಳಿಗೆ ಹಿಂದಿ ಇನ್ನೊಂದು ಹೊಸ ಭಾಷೆ, ಅಷ್ಟೇ. ಹಾಗಾಗಿ ಅವರವರ ಮಾತೇ ತರಗತಿಗೆ ಬರಲಿ. ಬಿಸಿಯೂಟದ ಹೊತ್ತಿಗೆ ಅನ್ನ, ನೀರು, ಉಪ್ಪು, ಮೊಟ್ಟೆಗೆ ನಿಮ್ಮ ಮನೆಯಲ್ಲಿ ಏನು ಅಂತೀರಿ ಅಂತ ಕೇಳಿ, ಗೋಡೆಯ ಮೇಲೆ ಚಿತ್ರ ಅಂಟಿಸಿ ಕೆಳಗೆ ಎಲ್ಲರ ಪದವನ್ನೂ ಕನ್ನಡ ಅಕ್ಷರದಲ್ಲೇ ಬರೆಯಿರಿ. ಆ ಹುಡುಗಿ ಮೊದಲ ಸಲ ಬಾಯಿ ಬಿಡುವುದು ಅಲ್ಲೇ, ನೋಡ್ತಾ ಇರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಕಲಿಸಿ ಅನ್ನುತ್ತದೆ. ಐದು ಭಾಷೆಯಲ್ಲಿ ಪಾಠ ಮಾಡೋಕೆ ನಿಮ್ಮಿಂದ ಆಗಲ್ಲ ನಿಜ. ಆ ಭಾಷೆ ಬಾಯಿಗೆ ಬಂದಾಗ ತಡೆಯದೆ ಇರೋಕೆ ಆಗುತ್ತದೆ.

ಯಾದಗಿರಿ ಹುಡುಗ

ನಾನು ಟೀಚರ್ ಅಲ್ಲ, ಇಂಥ ಶೆಡ್‌ನಲ್ಲೇ ಬೆಳೆದವನು, ಅಪ್ಪ ಗಾರೆ ಕೆಲಸ. ಮೇಡಂ ಅವರ ಪ್ರಶ್ನೆಯಲ್ಲಿ ಒಂದು ಮಾತು ಬಿಟ್ಟುಹೋಗಿದೆ ಅನ್ನಿಸಿತು. ಯಾದಗಿರಿ, ರಾಯಚೂರಿನ ಮಕ್ಕಳು ಕನ್ನಡದವರು, ಅವರಿಗೇನು ತೊಂದರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಬೆಂಗಳೂರಿನ ಶಾಲೆಗೆ ಸೇರಿದಾಗ 'ಅಂವ ಊರಿಗಿ ಹೋಗ್ಯಾನ್ರಿ' ಅಂದಿದ್ದಕ್ಕೆ ಇಡೀ ಕ್ಲಾಸ್ ನಕ್ಕಿತು. ಟೀಚರ್ 'ಸರಿಯಾಗಿ ಮಾತಾಡು' ಅಂದರು. ನನಗೆ ಗೊತ್ತಿದ್ದ ಕನ್ನಡ ಅದೊಂದೇ. ಆಮೇಲೆ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಆದರೂ ಅಷ್ಟೇ ಸಾಕಾಯಿತು.

ದಯವಿಟ್ಟು ಎರಡನ್ನೂ ಬೋರ್ಡ್ ಮೇಲೆ ಬರೆಯಿರಿ: 'ಹೋಗ್ಯಾನ', 'ಹೋಗಿದ್ದಾನೆ'. ಒಂದು ಮನೆಯಲ್ಲಿ ಆಡುವುದು, ಇನ್ನೊಂದು ಪುಸ್ತಕದಲ್ಲಿ ಇರುವುದು ಅಂತ ಹೇಳಿದರೆ ಮಗುವಿಗೆ ತಕ್ಷಣ ತಿಳಿಯುತ್ತದೆ. ಮೈಸೂರು ಕಡೆ ಮಗು 'ಓಗವ್ನೆ' ಅಂದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಆಗ ನಗೋಕೆ ಯಾರೂ ಇರಲ್ಲ.

ಎಸ್ಟೇಟ್ ಶಾಲೆ ಮಿಸ್ (ಕೊಡಗು)

ಮೇಷ್ಟ್ರು ಹೇಳಿದ್ದು ಸರಿ. ಅಕ್ಷರದ ಪ್ರಶ್ನೆಗೆ ಅವರು ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಕ್ಷರ ನಿಲ್ಲಿಸಲೇಬೇಡಿ ಮೇಡಂ. ವಲಸೆ ಮಕ್ಕಳು ಎಷ್ಟು ದಿನ ಇರುತ್ತಾರೋ ಯಾರಿಗೂ ಗೊತ್ತಿಲ್ಲ, 'ಮೊದಲು ಮಾತು ಬರಲಿ' ಅಂತ ಕಾಯುವಷ್ಟರಲ್ಲಿ ಕಾಂಟ್ರಾಕ್ಟ್ ಮುಗಿದು ಹೊರಟೇಬಿಡುತ್ತಾರೆ. ಅಕ್ಷರದ ಜೊತೆ ಕೈಗೆ ಸಿಗುವ ವಸ್ತು ಇಡಿ, ಅಷ್ಟು ಸಾಕು. ಸರ ಅನ್ನುವಾಗ ಒಂದು ಮಣಿಸರ ಮೇಜಿನ ಮೇಲೆ ಇರಲಿ. ಅರಸ ಆಮೇಲೆ ಬರಲಿ ಬಿಡಿ.

ನಮ್ಮಲ್ಲಿ ಯರವ, ಜೇನುಕುರುಬ ಬುಡಕಟ್ಟಿನ ಮಕ್ಕಳು, ತೋಟದ ಕೆಲಸಕ್ಕೆ ಬಂದ ಅಸ್ಸಾಮಿನ ಮಕ್ಕಳು. ಅಸ್ಸಾಮಿ ಮಾತಿನಲ್ಲಿ ನಮ್ಮ ಹಾಗೆ ಟ, ತ ಬೇರೆ ಬೇರೆ ಇಲ್ಲ, ಚ ಬದಲು ಸ ಬರುತ್ತದೆ. 'ಚಕ್ರ'ವನ್ನು 'ಸಕ್ರ' ಅಂದ ಹುಡುಗ ದಡ್ಡ ಅಲ್ಲ, ಅವನ ಕಿವಿಗೆ ಹಾಗೇ ಕೇಳುತ್ತದೆ. ನಿಮ್ಮ ಬಿಹಾರ, ನೇಪಾಳದ ಮಕ್ಕಳಿಗೆ ಎ-ಏ, ಒ-ಓ ತಡವಾಗಿ ಬರುತ್ತದೆ, ಹಿಂದಿಯಲ್ಲಿ ಳ ಇಲ್ಲದ್ದರಿಂದ ಹುಲಿ, ಹುಳಿ ಎರಡೂ ಹುಲಿಯೇ ಆಗುತ್ತದೆ. ಒಡಿಯಾದಲ್ಲಿ ಳ ಇದೆ! ಹುಲಿ-ಹುಳಿ ಆಟಕ್ಕೆ ಆ ಹುಡುಗಿಯನ್ನೇ ಮುಂದೆ ನಿಲ್ಲಿಸಿ ನೋಡಿ. ತೆಲುಗು ಮಕ್ಕಳು ಊರಲ್ಲಿ ಸ್ವಲ್ಪ ಓದಿ ಬಂದಿದ್ದರೆ ಇನ್ನೂ ಸುಲಭ, ಎರಡೂ ಲಿಪಿಯ ಗ, ದ, ಸ ಹತ್ತಿರ ಹತ್ತಿರ ಇವೆ.

ಹಾಜರಾತಿ ನಮ್ಮ ದೊಡ್ಡ ತಲೆನೋವು. ಕಾಫಿ ಕುಯ್ಲು ಶುರುವಾದರೆ ದೊಡ್ಡ ಹುಡುಗಿಯರು ಮನೆಯಲ್ಲೇ ಉಳಿಯುತ್ತಾರೆ, ಪುಟ್ಟ ತಮ್ಮ-ತಂಗಿಯನ್ನು ನೋಡಿಕೊಳ್ಳಬೇಕಲ್ಲ. ಪಕ್ಕದ ಅಂಗನವಾಡಿ ಕಾರ್ಯಕರ್ತೆ ಹತ್ತಿರ ಮಾತಾಡಿ ಪುಟ್ಟದನ್ನು ಅಲ್ಲಿ ಸೇರಿಸಿದೆವು, ಅಕ್ಕ ತಾನಾಗಿ ಶಾಲೆಗೆ ಬಂದಳು. ಅಮ್ಮನಿಗೆ ಉಪದೇಶ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ.

ನಲಿಕಲಿ ಟೀಚರ್ (ಬೆಂಗಳೂರು ಹೊರವಲಯ)

ತುಂಬಾ ಉಪಕಾರ ಆಯಿತು. ಗೋಡೆ ಕೆಲಸ ನಾಳೆಯೇ ಶುರು. ಯಾದಗಿರಿ ಸರ್, ಹೋಗ್ಯಾನ-ಹೋಗಿದ್ದಾನೆ ಕೂಡ ಖಂಡಿತ ಬರೆಯುತ್ತೇನೆ. ಇನ್ನೊಂದು ಪ್ರಶ್ನೆ: ಅರ್ಧ ವರ್ಷದಲ್ಲಿ ಬರುವ ಮಕ್ಕಳ ಹತ್ತಿರ ಟಿಸಿನೂ ಇರಲ್ಲ, ಜನನ ಪ್ರಮಾಣಪತ್ರವೂ ಇರಲ್ಲ. ಸೇರಿಸಿಕೊಳ್ಳಬಹುದಾ?

ನಿವೃತ್ತ ಮೇಷ್ಟ್ರು

ಸೇರಿಸಿಕೊಳ್ಳಲೇಬೇಕು. ಟಿಸಿ ತಡವಾಯಿತು ಅಂತ ದಾಖಲಾತಿ ನಿಲ್ಲಿಸುವ ಹಾಗಿಲ್ಲ, ಅದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವ ಹಾಗಿಲ್ಲ, ಅದು 14ನೇ ಸೆಕ್ಷನ್. ಶಾಲೆಯನ್ನೇ ನೋಡದ ಎಂಟು ವರ್ಷದ ಮಗುವನ್ನು ಒಂದನೇ ತರಗತಿಯಲ್ಲಿ ಕೂರಿಸಬೇಡಿ, 4ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಎಚ್‌ಎಂ ಹಿಂದೆ ಮುಂದೆ ನೋಡಿದರೆ ಈ ಮೂರು ಸೆಕ್ಷನ್ ಬರೆದು ಮುಂದಿಡಿ.

ಹಾಗೇ, ಯಾದಗಿರಿ ಕಡೆ ಮಕ್ಕಳು ಊರಿಗೆ ಹೊರಡುವ ಮೊದಲು ಅವರ ಸ್ಯಾಟ್ಸ್ ನಂಬರ್ (ರಾಜ್ಯದ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಒಂದು ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಡಿ, ಅಪ್ಪನ ಮೊಬೈಲಿಗೂ ಒಂದು ಫೋಟೊ ಕಳಿಸಿ. ಚೀಟಿ ಕಳೆದರೂ ಅದು ಉಳಿಯುತ್ತದೆ, ಅಲ್ಲಿನ ಶಾಲೆಯವರು ಆ ನಂಬರ್ ಹಾಕಿ ನೋಡಿದರೆ ಮಗು ಎಲ್ಲಿ ಓದುತ್ತಿತ್ತು ಅಂತ ಗೊತ್ತಾಗುತ್ತದೆ.