ಅಡಿಕೆಯ ಕೊಳೆರೋಗದ ಜೀವಿ ಶಿಲೀಂಧ್ರವಲ್ಲವಾದರೆ ಅದರ ಸ್ಥಾನ ಎಲ್ಲಿ?

ಪ್ರಶ್ನೆ: ಅಡಿಕೆ ಕೃಷಿಕ, ಬದಿಯಡ್ಕ

ಪ್ಲಸ್ ವನ್ ಓದುತ್ತಿರುವ ಮಗಳ ಪುಸ್ತಕದಲ್ಲಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿ, ಸ್ಪಷ್ಟ ಕೋಶಕೇಂದ್ರವುಳ್ಳ ಏಕಕೋಶಜೀವಿಗಳನ್ನು ಪ್ರೊಟಿಸ್ಟ ಎಂಬ ಒಂದೇ ಸಾಮ್ರಾಜ್ಯಕ್ಕೆ ಸೇರಿಸಿದ್ದಾರೆ. ಇತ್ತ, ನಾವು ವರ್ಷವೂ ಮದ್ದು ಬಿಡುವ ಕೊಳೆರೋಗಕ್ಕೆ ಕಾರಣವಾದ ಫೈಟೊಫ್ತೊರ ಶಿಲೀಂಧ್ರವೇ ಅಲ್ಲ, ಕಡಲಪಾಚಿಯ ಬಂಧು ಎಂದು ತರಬೇತಿಯೊಂದರಲ್ಲಿ ಕೇಳಿದೆ. ಹಾಗಾದರೆ ಅದು ಪ್ರೊಟಿಸ್ಟವೇ? ಮಗಳು ಕೇಳಿದಾಗ ಉತ್ತರಿಸಲಾಗಲಿಲ್ಲ.

ಉತ್ತರ: ನಿವೃತ್ತ ಜೀವಶಾಸ್ತ್ರ ಅಧ್ಯಾಪಿಕೆ, ಕುಂಬಳೆ

ನೀವು ಕೇಳಿದ್ದು ಸರಿ. ಪ್ರೊಟಿಸ್ಟ ಎಂಬ ಹೆಸರನ್ನು 1866ರಲ್ಲಿ ಅರ್ನ್‌ಸ್ಟ್ ಹೆಕೆಲ್ ಬಳಕೆಗೆ ತಂದರು; ಪಠ್ಯದಲ್ಲಿರುವ ಐದು ಸಾಮ್ರಾಜ್ಯಗಳ ಪದ್ಧತಿ 1969ರಲ್ಲಿ ವಿಟೇಕರ್ ಮಂಡಿಸಿದ್ದು. ಆದರೆ ಜೀನುಗಳನ್ನು ಹೋಲಿಸಿ ನೋಡತೊಡಗಿದ ಮೇಲೆ, ಪ್ರೊಟಿಸ್ಟಗಳು ಒಂದೇ ತರವಾಡಿನವಲ್ಲ (ಮೂಲ ಕುಟುಂಬದವಲ್ಲ), ಸಸ್ಯ, ಪ್ರಾಣಿ, ಶಿಲೀಂಧ್ರಗಳಲ್ಲಿ ಯಾವುದಕ್ಕೂ ಸೇರದೆ ಉಳಿದ ಹಲವು ತರವಾಡುಗಳ ಸದಸ್ಯರು ಎಂಬುದು ಸ್ಪಷ್ಟವಾಯಿತು. ಅದಕ್ಕಾಗಿಯೇ ತಜ್ಞರು ಇಂದು ಸಾಮ್ರಾಜ್ಯಗಳ ಬದಲು ಮಹಾಗುಂಪುಗಳನ್ನು ಗುರುತಿಸುತ್ತಾರೆ. ಈ ವಿಂಗಡಣೆ 2005ರಲ್ಲಿ ಪ್ರಕಟವಾಗಿ 2012 ಮತ್ತು 2019ರಲ್ಲಿ ಪರಿಷ್ಕೃತವಾಯಿತು.

ಫೈಟೊಫ್ತೊರ ಸೇರುವುದು ಸ್ಟ್ರಾಮೆನೊಪೈಲ್ ಗುಂಪಿಗೆ. ಗಾಜಿನಂಥ ಚಿಪ್ಪುಳ್ಳ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳೂ ಕಂದು ಕಡಲಪಾಚಿಗಳೂ ಅದರ ದಾಯಾದಿಗಳು. ಮಳೆಯ ನೀರಿನಲ್ಲಿ ಈಜುವ ಅದರ ಬೀಜಾಣುವಿಗೆ ಈಜಲು ನೆರವಾಗುವ ಚಾಟಿಯಂಥ ಎರಡು ಕಶಾಂಗಗಳಿದ್ದು, ಒಂದರ ಮೇಲೆ ಟೊಳ್ಳಾದ ಸೂಕ್ಷ್ಮ ರೋಮಗಳಿರುತ್ತವೆ. ಗುಂಪಿನ ಹೆಸರಿಗೂ ಹುಲ್ಲುಕಡ್ಡಿಯಂಥ ರೋಮ ಎಂದೇ ಅರ್ಥ. ಕೊಳೆರೋಗ ಮಳೆಗಾಲದಲ್ಲಿ ಉಲ್ಬಣಿಸುವುದಕ್ಕೆ ಈ ಈಜುವ ಬೀಜಾಣುವೇ ದೊಡ್ಡ ಕಾರಣ. ಅಡಿಕೆಯ ಮೇಲೆ ಕಾಣುವ ಬಿಳಿ ಎಳೆಗಳು ಬೂಷ್ಟಿನಂತೆಯೇ ಇದ್ದರೂ ಅವುಗಳ ಕೋಶಭಿತ್ತಿಯಲ್ಲಿ ಮುಖ್ಯವಾಗಿರುವುದು ಸೆಲ್ಯುಲೋಸ್ ಮತ್ತು ಗ್ಲೂಕಾನ್, ಶಿಲೀಂಧ್ರಗಳ ಕೈಟಿನ್ ಅಲ್ಲ. ವಂಶದ ಲೆಕ್ಕದಲ್ಲಿ ನಿಜವಾದ ಶಿಲೀಂಧ್ರಗಳು ಫೈಟೊಫ್ತೊರಕ್ಕಿಂತ ನಮಗೇ ಹತ್ತಿರ. ಈ ಮಾತು ಹೇಳಿದಾಗ ತರಗತಿಯಲ್ಲಿ ಯಾರೂ ಒಮ್ಮೆಗೇ ನಂಬುತ್ತಿರಲಿಲ್ಲ.

ಉತ್ತರ: ಕೃಷಿ ಪದವೀಧರ, ಮುಳ್ಳೇರಿಯ

ಟೀಚರ್ ಹೇಳಿದ್ದಕ್ಕೆ ತೋಟದ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಹಲವು ಶಿಲೀಂಧ್ರನಾಶಕಗಳು, ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಸ್ಟೆರಾಲಿನ (ಕೊಬ್ಬಿನಂಥ ವಸ್ತುವಿನ) ತಯಾರಿಯನ್ನು ತಡೆಯುತ್ತವೆ. ಫೈಟೊಫ್ತೊರ ಸ್ಟೆರಾಲನ್ನು ತಾನಾಗಿ ತಯಾರಿಸುವುದೇ ಇಲ್ಲವಾದ್ದರಿಂದ ಆ ಔಷಧಗಳು ಕೊಳೆರೋಗಕ್ಕೆ ನಾಟುವುದಿಲ್ಲ. ತಾಮ್ರವಿರುವ ಬೋರ್ಡೋ ದ್ರಾವಣ ಬೀಜಾಣುವನ್ನೇ ಕೊಲ್ಲುವುದರಿಂದ ಈ ಭೇದ ಅದಕ್ಕೆ ಅಡ್ಡಿಯಾಗದು. ಅಂಗಡಿಯಲ್ಲಿ ಕೊಟ್ಟದ್ದನ್ನು ತರುವ ಮುನ್ನ ಇದನ್ನು ದಯವಿಟ್ಟು ನೆನಪಿಡಬೇಕು.

ಪ್ರಶ್ನೆ ಕೇಳಿದವರು:

ಉಪಕಾರವಾಯಿತು ಟೀಚರ್. ಮಲೇರಿಯದ ಪರೋಪಜೀವಿಯೂ ಇದೇ ಗುಂಪಿನದೇ? ಪರೀಕ್ಷೆಯಲ್ಲಿ ಮಗಳು ಯಾವುದನ್ನು ಬರೆಯಬೇಕು?

ಉತ್ತರ: ನಿವೃತ್ತ ಜೀವಶಾಸ್ತ್ರ ಅಧ್ಯಾಪಿಕೆ, ಕುಂಬಳೆ

ಮಲೇರಿಯದ ಪರೋಪಜೀವಿಯಾದ ಪ್ಲಾಸ್ಮೋಡಿಯಂ ನೆರೆಯ ಆಲ್ವಿಯೊಲೇಟ ಗುಂಪಿನದು, ಕೊಳದ ನೀರಿನ ಏಕಕೋಶಜೀವಿ ಪ್ಯಾರಮೀಸಿಯಂ ಕೂಡ ಅಲ್ಲಿಯದೇ. ಸ್ಟ್ರಾಮೆನೊಪೈಲ್, ಆಲ್ವಿಯೊಲೇಟ ಈ ಎರಡೂ ಗುಂಪುಗಳು ರೈಜೇರಿಯ ಎಂಬ ಮೂರನೆಯ ಗುಂಪಿನೊಂದಿಗೆ ಸೇರಿ ಸಾರ್ ಎಂಬ ಮಹಾಗುಂಪಾಗಿವೆ. ಪ್ಲಾಸ್ಮೋಡಿಯಂನ ಕೋಶದಲ್ಲಿ ಇಂದಿಗೂ ಕೆಂಪು ಪಾಚಿಯಿಂದ ಬಂದ, ಬೆಳಕನ್ನು ಬಳಸಲಾರದ ಹರಿತ್ತಿನ ಕಣವೊಂದು ಉಳಿದಿದೆ.

ಪರೀಕ್ಷೆಯಲ್ಲಿ ಪಠ್ಯದಲ್ಲಿರುವುದನ್ನೇ ಬರೆಯಲಿ. ಆದರೆ ಫೈಟೊಫ್ತೊರದ ಬಂಧುವಾದ ಅಲ್ಬುಗೊ ಅದೇ ಪುಸ್ತಕದಲ್ಲಿ ಶಿಲೀಂಧ್ರಗಳ ನಡುವೆ ಇದೆ. ಅದನ್ನು ಹುಡುಕಿ ತೋರಿಸಿ.