‘ಹೊಂದುತ್ತದೆ’ ಅಂದರೆ ಎಷ್ಟು ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವವರಿಗಾಗಿ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಕಂಪ್ಯಾಟಿಬಲ್ ಎಂಬ ಮಾತು ಬಂದಲ್ಲೆಲ್ಲ ‘ಹೊಂದುತ್ತದೆ’ ಎಂದು ಹಾಕಿದ್ದೆ. ಆ ಕರಡನ್ನು ಓದಿ ನನ್ನ ತಂಗಿಯ ಮಗ ಸಾಮಾನು ಕೊಂಡು ತಂದ: ಬಿ550 ಮದರ್‌ಬೋರ್ಡ್, ರೈಜನ್ 5 5600ಜಿ ಪ್ರೊಸೆಸರ್, ಪಿಸಿಐಇ 4.0ರ ಒಂದು ಎಸ್‌ಎಸ್‌ಡಿ (ಮಾಹಿತಿ ಉಳಿಸಿಡುವ ಡ್ರೈವ್). ಪಿಸಿಐಇ ಅಂದರೆ ಬಿಡಿಭಾಗಗಳ ನಡುವೆ ಮಾಹಿತಿ ಓಡಾಡುವ ದಾರಿ, 4.0 ಅದರ ಪೀಳಿಗೆ. ಎಲ್ಲವೂ ಸಲೀಸಾಗಿ ಕೂತವು, ಯಂತ್ರ ಶುರುವೂ ಆಯಿತು. ಆದರೆ ಎಸ್‌ಎಸ್‌ಡಿಯ ಡಬ್ಬದ ಮೇಲೆ ಸೆಕೆಂಡಿಗೆ 7,000 ಎಂಬಿ ಎಂದಿದ್ದದ್ದು ಅಳೆದು ನೋಡಿದರೆ 3,500ರ ಆಸುಪಾಸು. “ಮಾಮ, ಹೊಂದುತ್ತೆ ಅಂತ ನೀವೇ ಬರೆದಿದ್ರಲ್ಲ” ಅಂದ.

ಅವನ ಮಾತು ನ್ಯಾಯವೇ. ಬೋರ್ಡಿನಲ್ಲಿ 4.0ಕ್ಕೆ ಜಾಗವಿದೆ ನಿಜ, ಆದರೆ ಆ ದಾರಿ ನೇರವಾಗಿ ಪ್ರೊಸೆಸರ್‌ನಿಂದ ಹೊರಡುತ್ತದೆ. 5600ಜಿಗೆ ಗೊತ್ತಿರುವುದು 3.0 ಮಾತ್ರ. ಅದೇ ಬೋರ್ಡಿಗೆ ‘ಜಿ’ ಇಲ್ಲದ 5600 ಕೂರಿಸಿದ್ದರೆ 4.0 ಸಿಗುತ್ತಿತ್ತು. ಪಿಸಿಐಇಯಲ್ಲಿ ಕರೆಂಟು ಬಂದ ಕೂಡಲೇ ಎರಡು ತುದಿಗಳೂ ಒಂದನ್ನೊಂದು ವಿಚಾರಿಸಿಕೊಂಡು, ಇಬ್ಬರಿಗೂ ಬರುವ ವೇಗಕ್ಕೆ ಇಳಿಯುತ್ತವೆ. 2010ರ 3.0ಕ್ಕಿಂತ 2017ರ 4.0 ಎರಡು ಪಟ್ಟು ವೇಗ, 2019ರ 5.0 ಅದರ ಎರಡು ಪಟ್ಟು. ಹಾಗಾಗಿ ಒಂದು ಮೆಟ್ಟಿಲು ಇಳಿದರೆ ಅರ್ಧಕ್ಕರ್ಧ ಹೋಯಿತು.

ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಕಿವಿಗೊಟ್ಟರೆ ‘ಕೂರುತ್ತೆ’, ‘ಸಪೋರ್ಟ್ ಮಾಡುತ್ತೆ’, ‘ಫುಲ್ ಸ್ಪೀಡ್ ಬರಲ್ಲ’ ಎಂದು ಮೂರು ಬೇರೆ ಮಾತು ಕೇಳುತ್ತವೆ. ನಾನು ಈ ಮೂರನ್ನೂ ಒಂದೇ ಪದದೊಳಗೆ ತುರುಕಿದ್ದೆ.

ನನಗೆ ಹೊಳೆದದ್ದು ಇದು. ಹೊಂದಾಣಿಕೆ ಅಂದಾಗ ಸಂಸಾರದಲ್ಲಿ ನಾವು ಹೇಳುವುದು ಒಬ್ಬರು ತಗ್ಗಿ, ಇನ್ನೊಬ್ಬರು ಸಹಿಸಿ ಬಾಳುವುದನ್ನು. ಪಿಸಿಐಇಗೆ ಈ ಪದ ಹೇಳಿ ಮಾಡಿಸಿದಂತಿದೆ: ವೇಗದವನು ನಿಧಾನದವನಿಗಾಗಿ ತಗ್ಗುತ್ತಾನೆ. ಪ್ರೊಸೆಸರ್ ಕೂರುವ ಸಾಕೆಟ್‌ಗೆ ಮಾತ್ರ ಇದು ಸಲ್ಲದು. ಎಎಂಡಿ ಕಂಪನಿಯ ಎಎಂ4 ಎಂಬ ಸಾಕೆಟ್‌ಗೆ ಕೂರುವ ಪ್ರೊಸೆಸರ್‌ನ ಅಡಿಯಲ್ಲಿ 1,331 ಪಿನ್ನುಗಳಿವೆ. ಅದರ ಮುಂದಿನ ಎಎಂ5ರಲ್ಲಿ 1,718, ಅವೂ ಬೋರ್ಡಿನ ಕಡೆ. ಅಲ್ಲಿ ತಗ್ಗುವ ಮಾತೇ ಇಲ್ಲ, ಕೂತರೆ ಕೂತಿತು, ಇಲ್ಲದಿದ್ದರೆ ಇಲ್ಲ. ಸಾಕೆಟ್‌ಗೆ ‘ಹೊಂದಿಕೆ’, ಪಿಸಿಐಇಗೆ ‘ಹೊಂದಾಣಿಕೆ’ ಎಂದು ಬೇರೆ ಮಾಡಿದರೆ ಓದುಗರಿಗೆ ವ್ಯತ್ಯಾಸ ತಟ್ಟೀತೇ? ಅಥವಾ ಎರಡೂ ಒಂದೇ ಅನ್ನಿಸುತ್ತದೆಯೇ?

ಹೊಸ ಸಾಮಾನು ಹಳೆಯದರ ಜೊತೆಗೂ ಕೆಲಸ ಮಾಡುವ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿಗೆ ‘ಹಿಮ್ಮುಖ ಹೊಂದಾಣಿಕೆ’ ಎಂಬುದು ನನಗೆ ಒಗ್ಗುತ್ತಿಲ್ಲ. ಹಿಮ್ಮುಖ ಎಂದರೆ ಗಾಡಿ ಹಿಂದಕ್ಕೆ ಹೋದ ಚಿತ್ರ ಬರುತ್ತದೆ. ‘ಹಳತಕ್ಕೂ ಒಗ್ಗುವ’ ಎಂದರೆ ಅರ್ಥವಾಗುತ್ತದೆ, ಆದರೆ ಅದನ್ನು ನಾಮಪದ ಮಾಡುವುದು ಕಷ್ಟ.

ಕೊನೆಯದು ಲೇನ್, ಅಂದರೆ ಪಿಸಿಐಇ ದಾರಿಯೊಳಗಿನ ಒಂದೊಂದು ಸಾಲು. ಪತ್ರಿಕೆಗಳ ‘ಚತುಷ್ಪಥ ಹೆದ್ದಾರಿ’ ನೋಡಿ ‘16 ಪಥದ ಸ್ಲಾಟ್’ ಎಂದು ಬರೆದಿದ್ದೆ. ಹೆದ್ದಾರಿಯ ಒಂದು ಪಥದಲ್ಲಿ ಗಾಡಿಗಳು ಒಂದೇ ದಿಕ್ಕಿಗೆ ಹೋಗುತ್ತವೆ; ಪಿಸಿಐಇಯ ಒಂದೊಂದು ಲೇನಿನಲ್ಲೂ ಹೋಗುವ ತಂತಿಜೋಡಿ, ಬರುವ ತಂತಿಜೋಡಿ ಎರಡೂ ಇವೆ. ನಮ್ಮ ಉತ್ತರ ಕರ್ನಾಟಕದ ‘ಓಣಿ’ ಇದಕ್ಕೆ ಹೆಚ್ಚು ಹತ್ತಿರ, ಅಲ್ಲಿ ಜನ ಹೋಗುತ್ತಾರೆ, ಬರುತ್ತಾರೆ. ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಗ್ರಾಫಿಕ್ಸ್ ಕಾರ್ಡು 16 ಓಣಿಯ ಸ್ಲಾಟಿಗೆ ಕೂತರೂ ಬಳಸುವುದು 4 ಓಣಿ, 3.0 ಬೋರ್ಡಿನಲ್ಲಿ ಆ ನಾಲ್ಕರ ವೇಗವೂ ಅರ್ಧವಾಗುತ್ತದೆ. ಹೀಗೆ ಬರೆದರೆ ಮೈಸೂರು, ಮಂಗಳೂರು ಕಡೆಯವರಿಗೆ ‘ಓಣಿ’ ತೊಡಕಾಗುತ್ತದೆಯೇ? ಸ್ಲಾಟನ್ನು ಸ್ಲಾಟ್ ಎಂದೇ ಬಿಡುತ್ತಿದ್ದೇನೆ.